ಗಾಳಿಯ ಹೊಣೆ ಯಾರದು?

“ಇಷ್ಟು ದಮ್ಮು ಇಟ್ಟುಕೊಂಡು ವಿಮಾನ ಹತ್ತೋದು ಬೇಕಾ?” ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಿಗೆ, ಮಗನ ಮನೆ ನೋಡಲು ದುಬೈಗೆ ಹೊರಟ ತಂದೆಗೆ ನೆಂಟರಿಷ್ಟರು ಕೇಳುವ ಪ್ರಶ್ನೆ ಇದು. ಕೇಳುವವರ ಮನಸ್ಸು ಕೆಟ್ಟದ್ದಲ್ಲ. ಆದರೆ ಪ್ರಶ್ನೆಯೊಳಗೆ ಒಂದು ತೀರ್ಪು ಅಡಗಿದೆ: ತೊಂದರೆ ಇರುವುದು ಅವರ ಎದೆಗೂಡಿನಲ್ಲಿ, ವಿಮಾನದ್ದೇನೂ ತಪ್ಪಿಲ್ಲ, ಕಾಯಿಲೆಯವರು ಮನೆಯಲ್ಲಿರುವುದೇ ಕ್ಷೇಮ. ವಿಮಾನ ಸಂಸ್ಥೆಗಳ ನಿಯಮಗಳೂ ಬಹುಮಟ್ಟಿಗೆ ಇದೇ ತೀರ್ಪಿನ ಮೇಲೆ ನಿಂತಿವೆ. ಆಮ್ಲಜನಕ ಬೇಕಾದ ಪ್ರಯಾಣಿಕರು ಅವುಗಳ ಕಣ್ಣಿಗೆ ‘ವಿಶೇಷ ಕೋರಿಕೆ’ಯವರು; ಸಾಧ್ಯವಾದರೆ ನಡೆಸಿಕೊಡುವುದು, ಆಗದಿದ್ದರೆ ಕೈಚೆಲ್ಲುವುದು.

ಈ ತೀರ್ಪು ಸರಿಯಲ್ಲ ಎಂಬುದು ನನ್ನ ವಾದ. ವಿಮಾನದೊಳಗಿನ ಗಾಳಿಯನ್ನು ಪ್ರಕೃತಿ ಹಾಗೆ ಮಾಡಿಟ್ಟಿಲ್ಲ. ಅದು ಎಷ್ಟು ತೆಳುವಾಗಿರಬೇಕೆಂದು ಮನುಷ್ಯರೇ ಲೆಕ್ಕಹಾಕಿ ನಿಗದಿ ಮಾಡಿದ್ದಾರೆ. ಆ ಲೆಕ್ಕದಿಂದ ಉಳಿತಾಯ ಆಗುವುದು ವಿಮಾನ ತಯಾರಿಸುವವರಿಗೆ, ಓಡಿಸುವವರಿಗೆ, ಅಗ್ಗದ ಟಿಕೆಟ್ಟಿನ ರೂಪದಲ್ಲಿ ನಮಗೆಲ್ಲರಿಗೆ. ಹೊರೆ ಬೀಳುವುದು ಮಾತ್ರ ಶ್ವಾಸಕೋಶ ಸೊರಗಿದ ಕೆಲವರ ಮೇಲೆ. ಲಾಭದಲ್ಲಿ ಎಲ್ಲರೂ ಪಾಲು ಪಡೆದ ಮೇಲೆ ಹೊರೆಯಲ್ಲೂ ಪಾಲು ತೆಗೆದುಕೊಳ್ಳಬೇಕು.

ಮೊದಲು ಆ ಲೆಕ್ಕವನ್ನೇ ನೋಡೋಣ. ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡ ನೆಲದ ಮೇಲಿನಷ್ಟೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕ್ಯಾಬಿನ್ನಿನ ಒತ್ತಡ 8,000 ಅಡಿ, ಅಂದರೆ 2,438 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಕಡಿಮೆಯಾಗಲು ಅಂತರರಾಷ್ಟ್ರೀಯ ವಾಡಿಕೆಯೂ ಅಮೆರಿಕದ ನಿಯಮವೂ ಅವಕಾಶ ಕೊಡುತ್ತವೆ. ಊಟಿಯ ದೊಡ್ಡಬೆಟ್ಟದ ಎತ್ತರ 2,637 ಮೀಟರ್. ಬಸ್ಸಿನಲ್ಲಿ ಘಾಟಿ ಹತ್ತಿ ಅಲ್ಲಿಗೆ ಹೋಗಲು ಅರ್ಧ ದಿನ ಬೇಕು. ವಿಮಾನ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ ಎಪ್ಪತ್ತು ವರ್ಷದ ಅಜ್ಜಿಯನ್ನೂ ಏಳು ತಿಂಗಳ ಮಗುವನ್ನೂ ಅದರ ತುದಿಯ ಹತ್ತಿರಕ್ಕೆ ಒಯ್ದು ಕೂರಿಸುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ 760 ಮಿಲಿಮೀಟರ್ ಪಾದರಸದಿಂದ ಸುಮಾರು 565ಕ್ಕೆ ಇಳಿದಿರುತ್ತದೆ. ಉಸಿರಿಗೆ ಸಿಗುವ ಆಮ್ಲಜನಕದ ಲೆಕ್ಕದಲ್ಲಿ ಇದು ಸಮುದ್ರಮಟ್ಟದಲ್ಲಿ ಶೇ. 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಎಳೆದುಕೊಂಡಂತೆ.

8,000 ಅಡಿ ಎಂಬ ಅಂಕಿ ಆಕಾಶದಿಂದ ಉದುರಿದ್ದಲ್ಲ. ಒಳಗಿನ ಒತ್ತಡ ಹೆಚ್ಚಿಸಿದಷ್ಟೂ ವಿಮಾನದ ಒಡಲು ಪ್ರತಿ ಹಾರಾಟದಲ್ಲಿ ಹೆಚ್ಚು ಉಬ್ಬಿ ಕುಗ್ಗುತ್ತದೆ, ಅಲ್ಯುಮಿನಿಯಂ ದಣಿಯುತ್ತದೆ, ಅದನ್ನು ತಡೆಯಲು ತಗಡು ದಪ್ಪ ಮಾಡಬೇಕು, ತೂಕ ಏರುತ್ತದೆ, ಇಂಧನದ ಖರ್ಚೂ ಏರುತ್ತದೆ. ಆರೋಗ್ಯವಂತರಿಗೆ ತೊಂದರೆಯಾಗದ ಮಟ್ಟ ಯಾವುದೆಂದು ನೋಡಿ ಅಲ್ಲಿಗೆ ಗೆರೆ ಎಳೆದರು. ಇದು ಹೀಗೆಯೇ ಇರಬೇಕಿಲ್ಲ ಎಂಬುದಕ್ಕೆ ಸಾಕ್ಷಿಯೂ ಇದೆ. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787, ಆಮೇಲೆ ಬಂದ ಏರ್‌ಬಸ್ ಎ350 ವಿಮಾನಗಳ ಒಡಲು ಹೆಚ್ಚಾಗಿ ಇಂಗಾಲದ ನಾರಿನ ಸಂಯುಕ್ತದ್ದು; ಅದು ಲೋಹದಂತೆ ದಣಿಯುವುದಿಲ್ಲ. ಅವುಗಳ ‘ಕ್ಯಾಬಿನ್ ಎತ್ತರ’ವನ್ನು, ಅಂದರೆ ಒಳಗಿನ ಒತ್ತಡಕ್ಕೆ ಸಮನಾದ ಬೆಟ್ಟದ ಎತ್ತರವನ್ನು, ಸುಮಾರು 6,000 ಅಡಿಗೆ ಇಳಿಸಿದ್ದಾರೆ. ಅಂದರೆ ದೊಡ್ಡಬೆಟ್ಟದಿಂದ ನಮ್ಮ ಮುಳ್ಳಯ್ಯನಗಿರಿಗಿಂತಲೂ ತುಸು ಕೆಳಕ್ಕೆ. ದಮ್ಮಿನವರಿಗೆ ಈ ಎರಡು ಸಾವಿರ ಅಡಿ ದೊಡ್ಡ ವ್ಯತ್ಯಾಸ. ಟಿಕೆಟ್ ಬುಕ್ ಮಾಡುವಾಗ ಊಟ ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳುವ ಜಾಲತಾಣಗಳು ವಿಮಾನದ ಕ್ಯಾಬಿನ್ ಎತ್ತರ ಎಷ್ಟೆಂದು ಹೇಳುವುದಿಲ್ಲ.

ಅದೇ ತೆಳು ಗಾಳಿ ಪಕ್ಕದ ಸೀಟಿನವರಿಗೆ ಏನೂ ಮಾಡದೆ ದಮ್ಮಿನವರನ್ನು ಮಾತ್ರ ಏಕೆ ಕಾಡುತ್ತದೆ? ರಕ್ತ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುವ ರೀತಿ ಗುಡ್ಡದ ಮೇಲಿನ ಬಯಲಿನಂತಿದೆ: ಬಯಲಿನ ನಡುವೆ ಇದ್ದವರು ನಾಲ್ಕು ಹೆಜ್ಜೆ ಹಿಂದೆ ಸರಿದರೂ ಬೀಳುವುದಿಲ್ಲ, ಅಂಚಿನಲ್ಲಿ ನಿಂತವರಿಗೆ ಒಂದೇ ಹೆಜ್ಜೆಗೆ ಇಳಿಜಾರು. ಆರೋಗ್ಯವಂತರ ಸ್ಯಾಚುರೇಶನ್, ಅಂದರೆ ರಕ್ತದಲ್ಲಿ ಆಮ್ಲಜನಕ ತುಂಬಿರುವ ಶೇಕಡಾ ಪ್ರಮಾಣ, 98ರಿಂದ 92–93ಕ್ಕೆ ಇಳಿದರೆ ಅವರಿಗೆ ಗೊತ್ತೂ ಆಗುವುದಿಲ್ಲ; ಹೆಚ್ಚೆಂದರೆ ತಲೆ ಭಾರ, ತೂಕಡಿಕೆ. ನೆಲದ ಮೇಲೆಯೇ 93 ಇದ್ದವರು ಅದೇ ಏರಿಕೆಯಲ್ಲಿ 90ರ ಕೆಳಗೆ ಜಾರುತ್ತಾರೆ, ಕೆಲವರು 80ರ ಹತ್ತಿರಕ್ಕೂ ಹೋಗುತ್ತಾರೆ. ಸೀಟಿನಿಂದ ಎದ್ದು ಶೌಚಾಲಯದವರೆಗೆ ನಡೆದರೆ ಇನ್ನಷ್ಟು ಇಳಿತ. ಕ್ಯಾಬಿನ್ನಿನ ಗಾಳಿಯ ತೇವಾಂಶ ಶೇ. 20ಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಒಣಗಾಳಿಗೆ ಕಫ ಗಟ್ಟಿಯಾಗಿ ಎದೆಗೆ ಕಚ್ಚುತ್ತದೆ. ಸೀಟಿನ ಮೇಲಿಂದ ಹಳದಿ ಮಾಸ್ಕು ಇಳಿಯುತ್ತದಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಆ ಮಾಸ್ಕು ಕ್ಯಾಬಿನ್ನಿನ ಒತ್ತಡ ತಪ್ಪಿದಾಗ ಪೈಲಟ್ ವಿಮಾನವನ್ನು ಕೆಳಕ್ಕೆ ಇಳಿಸುವವರೆಗಿನ ಹತ್ತು ಹದಿನೈದು ನಿಮಿಷಕ್ಕೆ ಮಾತ್ರ. ಒಬ್ಬರಿಗೆ ಏದುಸಿರು ಬಂತೆಂದು ಅದನ್ನು ಇಳಿಸುವುದಿಲ್ಲ.

ಈ ಅಂಚಿನಲ್ಲಿ ನಿಂತವರು ಯಾರು? ಸಿಗರೇಟು ಸೇದಿ ತಾವಾಗಿ ತಂದುಕೊಂಡವರು ಎಂಬ ಅಸಡ್ಡೆ ನಮ್ಮಲ್ಲಿದೆ. ಭಾರತದಲ್ಲಿ 2016ರ ಹೊತ್ತಿಗೆ ಸುಮಾರು ಐದೂವರೆ ಕೋಟಿ ಜನರಿಗೆ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಇತ್ತೆಂಬ ಅಂದಾಜಿದೆ. ಅವರಲ್ಲಿ ಬೀಡಿ ಮುಟ್ಟದ ಹೆಂಗಸರು ಬಹಳ. ಸೌದೆ, ಬೆರಣಿ, ತೆಂಗಿನ ಗರಿ ಉರಿಸಿದ ಅಡುಗೆಮನೆಯೇ ಅವರ ಕಾಯಿಲೆಯ ಮೂಲ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ನಡೆದ ಅಧ್ಯಯನವೊಂದು ಇದಕ್ಕೆ ಅಳತೆಗೋಲನ್ನೇ ಬಳಸಿತು: ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಬೇಕು, ಉತ್ತರ 60 ದಾಟಿದರೆ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವರು ಆ ಗೆರೆ ಮುಟ್ಟಿರುತ್ತಾರೆ. ಇವರ ಜೊತೆಗೆ ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಕಲೆ ಉಳಿದವರು, ಕೋವಿಡ್ ನಂತರ ಉಸಿರು ಮೊದಲಿನಂತಾಗದವರು. ಹೊಗೆಯೊಲೆಯ ಮುಂದೆ ಕೂತು ಮಕ್ಕಳಿಗೆ ಅನ್ನ ಬೇಯಿಸಿಕೊಟ್ಟು ಓದಿಸಿ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ ತಾಯಿಗೆ, ಅದೇ ಹೊಗೆಯ ಕಾರಣಕ್ಕೆ ಮೊಮ್ಮಗುವನ್ನು ನೋಡಲು ಹೋಗಬೇಡ ಎನ್ನುವುದು ಯಾವ ನ್ಯಾಯ?

ಹೊಣೆಯ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿಯೇ ನೋಡಬೇಕು. 1998ರ ಜನವರಿಯಲ್ಲಿ ಡಾ. ಅಬಿದ್ ಹ್ಯಾನ್ಸನ್ ಎಂಬುವರು ಕುಟುಂಬದೊಂದಿಗೆ ಈಜಿಪ್ಟ್ ಪ್ರವಾಸ ಮುಗಿಸಿ ಒಲಿಂಪಿಕ್ ಏರ್‌ವೇಸ್ ವಿಮಾನದಲ್ಲಿ ಅಮೆರಿಕಕ್ಕೆ ಮರಳುತ್ತಿದ್ದರು. ಅವರಿಗೆ ತೀವ್ರ ಅಸ್ತಮಾ. ಸಿಗರೇಟಿನ ಹೊಗೆ ತಾಗಿದರೆ ಉಲ್ಬಣಿಸುತ್ತಿತ್ತು. ಆಗ ಆ ವಿಮಾನಗಳಲ್ಲಿ ಧೂಮಪಾನಕ್ಕೆ ಅವಕಾಶವಿತ್ತು. ಪತ್ನಿ ರುಬಿನಾ ಹುಸೇನ್ ಚೆಕ್-ಇನ್ ಕೌಂಟರಿನಲ್ಲೇ ವೈದ್ಯರ ಪತ್ರ ತೋರಿಸಿ ಹೊಗೆಯಿಲ್ಲದ ಕಡೆ ಸೀಟು ಕೇಳಿದ್ದರು. ಒಳಗೆ ಹೋಗಿ ನೋಡಿದರೆ ಧೂಮಪಾನಿಗಳ ಸಾಲುಗಳಿಗೂ ಅವರ ಸೀಟಿಗೂ ನಡುವೆ ಮೂರೇ ಸಾಲು. ನಡುವೆ ಪರದೆಯೂ ಇರಲಿಲ್ಲ. ಸೀಟು ಬದಲಿಸಿಕೊಡಿ ಎಂದು ಆಕೆ ಗಗನಸಖಿಯನ್ನು ಬೇಡಿಕೊಂಡರು, ಒಮ್ಮೆಯಲ್ಲ, ಮೂರು ಸಲ. ವಿಮಾನ ತುಂಬಿದೆ ಎಂಬ ಉತ್ತರ ಬಂತು. ಬೇಕಾದರೆ ನೀವೇ ಬೇರೆ ಪ್ರಯಾಣಿಕರನ್ನು ಕೇಳಿಕೊಳ್ಳಿ, ನಾವು ನೆರವಾಗುವುದಿಲ್ಲ ಎಂಬುದು ಕೊನೆಯ ಮಾತು. ಹೊಗೆ ಹೆಚ್ಚಾಯಿತು, ಹ್ಯಾನ್ಸನ್ ವಿಮಾನದಲ್ಲೇ ತೀರಿಕೊಂಡರು. ವಿಚಾರಣೆಯಲ್ಲಿ ಗೊತ್ತಾದ ಸಂಗತಿ: ‘ತುಂಬಿದ’ ಆ ವಿಮಾನದಲ್ಲಿ ಹನ್ನೊಂದು ಸೀಟು ಖಾಲಿ ಇದ್ದವು.

ಸಂಸ್ಥೆಯ ವಾದ ನಮಗೆ ಪರಿಚಿತವಾದದ್ದೇ: ಆತ ಸತ್ತದ್ದು ತನ್ನ ಕಾಯಿಲೆಯಿಂದ, ನಾವು ಏನನ್ನೂ ಮಾಡಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2004ರ ಫೆಬ್ರವರಿಯಲ್ಲಿ ಇದನ್ನು ಒಪ್ಪಲಿಲ್ಲ. ನೆರವು ಕೇಳಿದಾಗ ಕಾರಣವಿಲ್ಲದೆ ನಿರಾಕರಿಸಿದ್ದೂ ಸಾವಿಗೆ ದಾರಿ ಮಾಡಿದ ಕೊಂಡಿಗಳಲ್ಲಿ ಒಂದು, ವಿಮಾನ ಸಂಸ್ಥೆಗಳ ಹೊಣೆಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ವಾರ್ಸಾ ಒಪ್ಪಂದದ ಪ್ರಕಾರ ಸಂಸ್ಥೆ ಪರಿಹಾರ ಕೊಡಬೇಕಾದ ಘಟನೆಯೇ ಅದು ಎಂದು ಆರು–ಎರಡರ ಬಹುಮತದಿಂದ ತೀರ್ಪಿತ್ತಿತು. ಕಾಯಿಲೆ ಪ್ರಯಾಣಿಕರದು, ಆದರೆ ಮೈಗಂಟಿದ ಆ ಕಾಯಿಲೆ ಸಾವಾಗಿ ತಿರುಗುವಂಥ ಸನ್ನಿವೇಶ ವಿಮಾನದವರ ಕೈಯಲ್ಲಿತ್ತು. ಬಾಗಿಲು ಮುಚ್ಚಿದ ಮೇಲೆ ಪ್ರಯಾಣಿಕರು ಕಿಟಕಿ ತೆರೆಯಲಾರರು, ಇಳಿದು ಹೋಗಲಾರರು, ಬೇರೆ ಗಾಳಿ ಹುಡುಕಿಕೊಳ್ಳಲಾರರು. ಗಾಳಿಯ ಮೇಲೆ ಪೂರ್ತಿ ಅಧಿಕಾರ ಯಾರದೋ ಹೊಣೆಯೂ ಅವರದು.

ಇಂಥ ಹೊಣೆ ಹೊರಿಸಿದರೆ ಉದ್ಯಮ ಮುಳುಗುತ್ತದೆ ಎಂಬ ಹೆದರಿಕೆ ಹಳೆಯದು. ವಿಮಾನದಲ್ಲಿ ಸಿಗರೇಟು ಸೇದುವುದು ಪ್ರಯಾಣಿಕರ ಹಕ್ಕು, ಹೊಗೆ ತಾಳದವರು ಹೊಂದಿಕೊಳ್ಳಬೇಕು ಎಂಬ ಕಾಲ ಇತ್ತು. ಅಮೆರಿಕದ ಬಹುತೇಕ ದೇಶೀಯ ವಿಮಾನಗಳಲ್ಲಿ 1990ರಲ್ಲಿ, ಅಲ್ಲಿಗೆ ಬಂದುಹೋಗುವ ಎಲ್ಲ ವಿಮಾನಗಳಲ್ಲಿ 2000ದಲ್ಲಿ ಧೂಮಪಾನ ನಿಂತಿತು. ಒಂದೇ ಒಂದು ಸಂಸ್ಥೆಯೂ ಅದರಿಂದ ಬಾಗಿಲು ಹಾಕಲಿಲ್ಲ. ಇಂದಿನ ಮಕ್ಕಳಿಗೆ ವಿಮಾನದಲ್ಲಿ ಸಿಗರೇಟು ಹಚ್ಚುತ್ತಿದ್ದರು ಎಂದರೆ ನಂಬಿಕೆಯೇ ಬರುವುದಿಲ್ಲ.

ಇನ್ನು ಸುರಕ್ಷತೆಯ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1996ರ ಮೇ ತಿಂಗಳಲ್ಲಿ ವ್ಯಾಲ್ಯುಜೆಟ್ ಸಂಸ್ಥೆಯ ವಿಮಾನವೊಂದು ಫ್ಲಾರಿಡಾದ ಜೌಗಿನಲ್ಲಿ ಬಿದ್ದು 110 ಜನ ಸತ್ತರು. ಸರಕಿನ ಕೋಣೆಯಲ್ಲಿ ತಪ್ಪಾಗಿ ತುಂಬಿದ್ದ ರಾಸಾಯನಿಕ ಆಮ್ಲಜನಕ ಉತ್ಪಾದಕಗಳಿಂದ ಹೊತ್ತಿದ ಬೆಂಕಿ ಅದಕ್ಕೆ ಕಾರಣ. ಮನೆಯ ಸಿಲಿಂಡರನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ ಎಂದು ಸಂಸ್ಥೆಗಳು ಹೇಳಿದರೆ ಅದಕ್ಕೆ ಅರ್ಥವಿದೆ. ಆದರೆ ತಂತ್ರಜ್ಞಾನ ಆ ಕಾಲದಲ್ಲೇ ನಿಂತಿಲ್ಲ. ಇಂದಿನ ಪೋರ್ಟಬಲ್ ಕಾನ್ಸಂಟ್ರೇಟರಿನೊಳಗೆ ಒತ್ತಿ ತುಂಬಿದ ಆಮ್ಲಜನಕವೇ ಇರುವುದಿಲ್ಲ. ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ನೈಟ್ರೋಜನ್ ಸೋಸಿ, ಉಳಿದ ಆಮ್ಲಜನಕವನ್ನು ಮೂಗಿನ ನಳಿಕೆಗೆ ಕೊಡುವ ಯಂತ್ರ ಅದು. ಸಣ್ಣ ಮಾದರಿಗಳು ಎರಡು ಮೂರು ಕಿಲೋ ತೂಗುತ್ತವೆ, ಹೆಗಲಿಗೆ ನೇತುಹಾಕಿಕೊಳ್ಳಬಹುದು. ಅಮೆರಿಕ 2005ರಲ್ಲಿ ಇದನ್ನು ವಿಮಾನದಲ್ಲಿ ಬಳಸಲು ಒಪ್ಪಿತು. 2009ರಿಂದ, ಅಲ್ಲಿಗೆ ಬಂದುಹೋಗುವ ವಿದೇಶಿ ವಿಮಾನಗಳೂ ಸೇರಿ, ಒಪ್ಪಿತ ಯಂತ್ರಕ್ಕೆ ಅವಕಾಶ ಕೊಡುವುದು ಸಂಸ್ಥೆಗಳಿಗೆ ಕಡ್ಡಾಯವಾಯಿತು. ಸುರಕ್ಷತೆಯ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಉಳಿದಿರುವುದು ಇಚ್ಛೆಯ ಪ್ರಶ್ನೆ.

ಹಾಗೆಂದು ಯಂತ್ರ ಕೈಗೆ ಬಂದೊಡನೆ ಎಲ್ಲ ಸಲೀಸಲ್ಲ. ಹೊರೆಯನ್ನು ರೋಗಿಯ ತಲೆಗೇ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಟರಿಯ ಲೆಕ್ಕ ನೋಡಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಮೊದಲ ನೇರ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯಿತು. ಪ್ರಯಾಣದ ಅವಧಿಯ ಒಂದೂವರೆ ಪಟ್ಟು ಸಾಲುವಷ್ಟು ಬ್ಯಾಟರಿ ತರಬೇಕೆಂದು ಸಂಸ್ಥೆಗಳು ಕೇಳಬಹುದು. ಅಂದರೆ 25 ಗಂಟೆಗೂ ಮೀರಿ. ಒಂದು ಬ್ಯಾಟರಿ ನಾಲ್ಕು ಗಂಟೆ ನಡೆದರೆ ಏಳು ಬ್ಯಾಟರಿ ಬೇಕು. ಅವು ಲಿಥಿಯಂ ಬ್ಯಾಟರಿಗಳು. ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವಾಟ್-ಅವರ್ ದಾಟಿದರೆ ಸಂಸ್ಥೆಯ ಒಪ್ಪಿಗೆ ಬೇಕು, ಅಂಥವು ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಸೀಟಿನ ಕೆಳಗಿನ ಪ್ಲಗ್ಗಿನಲ್ಲಿ ಕರೆಂಟ್ ಇದ್ದರೂ ಅದನ್ನು ನೆಚ್ಚಿಕೊಳ್ಳಬೇಡಿ ಎನ್ನುತ್ತಾರೆ. ಲ್ಯಾಪ್‌ಟಾಪಿಗೆ ಸಿಗುವ ಕರೆಂಟು ಉಸಿರಿಗೆ ಸಿಗುತ್ತದೆಂಬ ಭರವಸೆ ಇಲ್ಲ! ಇನ್ನೊಂದು ಸೂಕ್ಷ್ಮವಿದೆ: ಸಣ್ಣ ಯಂತ್ರಗಳು ಎಡೆಬಿಡದೆ ಹರಿಸುವುದಿಲ್ಲ, ಮೂಗಿನಲ್ಲಿ ಉಸಿರು ಎಳೆದುಕೊಂಡಾಗ ಮಾತ್ರ ಒಂದು ಗುಟುಕು ಬಿಡುತ್ತವೆ. ನಿದ್ದೆಯಲ್ಲಿ ಬಾಯಿ ತೆರೆದು ಉಸಿರಾಡುವವರಿಗೆ ಆ ಗುಟುಕು ತಪ್ಪುತ್ತದೆ. ಯಂತ್ರದ ಮೇಲಿನ ‘2’ ಎಂದರೆ ನಿಮಿಷಕ್ಕೆ ಎರಡು ಲೀಟರ್ ಎಂದೂ ಅಲ್ಲ.

ಕೆಲವು ಸಂಸ್ಥೆಗಳು ತಾವೇ ಆಮ್ಲಜನಕ ಕೊಡುತ್ತವೆ, ಶುಲ್ಕ ಪಡೆದು. ಕೆಲವು ಕೊಡುವುದೇ ಇಲ್ಲ. ಕೊಡುವವರಲ್ಲೂ ಮುಂಗಡ ಸೂಚನೆ ಒಬ್ಬರಿಗೆ 48 ಗಂಟೆ, ಇನ್ನೊಬ್ಬರಿಗೆ ಅದಕ್ಕೂ ಹೆಚ್ಚು. ವಿಮಾನದಲ್ಲಿ ಕೊಟ್ಟ ಸಿಲಿಂಡರು ವಿಮಾನದಲ್ಲೇ ಉಳಿಯುತ್ತದೆ. ದುಬೈಯಲ್ಲೋ ಫ್ರಾಂಕ್‌ಫರ್ಟಿನಲ್ಲೋ ವಿಮಾನ ಬದಲಿಸುವ ನಾಲ್ಕು ಗಂಟೆ, ಒಂದು ಗೇಟಿನಿಂದ ಇನ್ನೊಂದಕ್ಕೆ ಸಾಗುವ ಆ ಉದ್ದನೆಯ ಹಾದಿಯಲ್ಲಿ, ರೋಗಿ ಯಾರ ಪಾಲಿಗೂ ಸೇರಿದವರಲ್ಲ.

ಭಾರತದ ಕಾನೂನು ಎಲ್ಲಿದೆ? ಜೀಜಾ ಘೋಷ್ ಅವರ ಪ್ರಕರಣ ನೆನಪಿರಬಹುದು. ಸೆರೆಬ್ರಲ್ ಪಾಲ್ಸಿ ಇರುವ ಈ ಹೋರಾಟಗಾರ್ತಿಯನ್ನು 2012ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಗೋವಾ ವಿಮಾನದಿಂದ ಕೆಳಗಿಳಿಸಿದ್ದರು. 2016ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2022ರಲ್ಲಿ ರಾಂಚಿಯಲ್ಲಿ ಅಂಗವೈಕಲ್ಯವಿದ್ದ ಬಾಲಕನೊಬ್ಬನನ್ನು ಹತ್ತಿಸಿಕೊಳ್ಳದ ಸಂಸ್ಥೆಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, 5 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ವರ್ಷ ನಿಯಮವನ್ನೂ ತಿದ್ದಿತು: ಪ್ರಯಾಣಿಕರ ಆರೋಗ್ಯ ಕೆಡಬಹುದೆಂದು ಸಂಸ್ಥೆಗೆ ಅನ್ನಿಸಿದರೆ ವೈದ್ಯರಿಂದ ಪರೀಕ್ಷೆ ಮಾಡಿಸಿ ತೀರ್ಮಾನಿಸಬೇಕು, ಕೌಂಟರಿನಲ್ಲಿ ನಿಂತವರ ಕಣ್ಣಂದಾಜಿನಿಂದಲ್ಲ. ಒಳ್ಳೆಯ ಹೆಜ್ಜೆ. ಆದರೆ ಶ್ವಾಸಕೋಶದ ರೋಗಿಗಳು ಇಲ್ಲಿಯೂ ನಡುನೀರಿನಲ್ಲಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿರುವ 21 ವೈಕಲ್ಯಗಳಲ್ಲಿ ಹಿಮೊಫಿಲಿಯಾ ಇದೆ, ಥಲಸ್ಸೀಮಿಯಾ ಇದೆ, ಪಾರ್ಕಿನ್‌ಸನ್ಸ್ ಇದೆ. ಉಸಿರಾಟದ ಕಾಯಿಲೆ ಒಂದೂ ಇಲ್ಲ. ಹತ್ತು ಹೆಜ್ಜೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕಾದವರು ಕಾನೂನಿನ ಕಣ್ಣಿಗೆ ಅಂಗವಿಕಲರಲ್ಲ, ವಿಮಾನ ಸಂಸ್ಥೆಯ ಕಣ್ಣಿಗೆ ಆರೋಗ್ಯವಂತರೂ ಅಲ್ಲ.

ವೈದ್ಯರಿಗೂ ಇಲ್ಲಿ ಒಂದು ಮಾತು ಹೇಳಬೇಕು. ‘ಫಿಟ್ ಟು ಫ್ಲೈ’ ಎಂದು ಲೆಟರ್‌ಹೆಡ್ಡಿನ ಮೇಲೆ ಎರಡು ಸಾಲು ಗೀಚಿಕೊಡುವುದು ನಮ್ಮಲ್ಲಿ ಲೋಕಾರೂಢಿ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, 94 ಇದೆಯಲ್ಲ ಹೋಗಿಬನ್ನಿ ಎನ್ನುವುದೂ ಉಂಟು. ಕೂತಲ್ಲಿ ಕಂಡ ಅಂಕಿಯೊಂದರಿಂದಲೇ ಎತ್ತರದಲ್ಲಿ ಏನಾಗುತ್ತದೆಂದು ಹೇಳಲಾಗದು ಎಂದು ಬ್ರಿಟಿಷ್ ಥೊರಾಸಿಕ್ ಸೊಸೈಟಿಯ ಮಾರ್ಗಸೂಚಿಗಳು ಎಚ್ಚರಿಸಿವೆ. ಇದಕ್ಕೆ ಬೇರೆಯೇ ಪರೀಕ್ಷೆ ಇದೆ: ಶೇ. 15ರಷ್ಟು ಆಮ್ಲಜನಕವಿರುವ ಗಾಳಿಯನ್ನು 20 ನಿಮಿಷ ಉಸಿರಾಡಿಸಿ ಸ್ಯಾಚುರೇಶನ್ ಎಲ್ಲಿಗೆ ಇಳಿಯುತ್ತದೆಂದು ನೋಡುವುದು. 85ರ ಕೆಳಗೆ ಹೋದರೆ ವಿಮಾನದಲ್ಲಿ ಆಮ್ಲಜನಕ ಬೇಕು. ಇದಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಕಿಲ್ಲ. ವೆಂಚುರಿ ಮಾಸ್ಕಿಗೆ ಆಮ್ಲಜನಕದ ಬದಲು ನೈಟ್ರೋಜನ್ ಹರಿಸಿಯೂ ಮಾಡಬಹುದು.

ಕರ್ನಾಟಕದ ವೈದ್ಯರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹೊರದೇಶದ ಪುಸ್ತಕಗಳ ಅಂಕಿಗಳೆಲ್ಲ ಸಮುದ್ರಮಟ್ಟದವು. ಬೆಂಗಳೂರು ಇರುವುದೇ 3,000 ಅಡಿ ಎತ್ತರದಲ್ಲಿ. ಇಲ್ಲಿ ಕಂಡ 94ರಲ್ಲಿ ಆ ಏರಿಕೆಯ ಇಳಿತ ಆಗಲೇ ಸೇರಿಕೊಂಡಿದೆ. ಮಂಗಳೂರಿನಲ್ಲಿ ಕಂಡ 94ರಲ್ಲಿ ಸೇರಿಲ್ಲ. ಅದೇ ಅಂಕಿಯಿಟ್ಟುಕೊಂಡು ವಿಮಾನ ಹತ್ತಿದರೆ ಮಂಗಳೂರಿನವರು ಏರಬೇಕಾದದ್ದು ಹೆಚ್ಚು, ಇಳಿಯುವುದೂ ಹೆಚ್ಚು. ಪರೀಕ್ಷೆಗೂ ಇದೇ ಮಾತು: ಬೆಂಗಳೂರಿನ ಆಸ್ಪತ್ರೆಯಲ್ಲಿ ಶೇ. 15ರ ಗಾಳಿ ಕೊಟ್ಟರೆ ಅದು 8,000 ಅಡಿಗಿಂತ ಮೇಲಿನ ಪರೀಕ್ಷೆಯಾಗುತ್ತದೆ. ಇಲ್ಲಿನ ಒತ್ತಡಕ್ಕೆ ಲೆಕ್ಕಹಾಕಿದರೆ ಸುಮಾರು ಶೇ. 17 ಸಾಕು. ಪುಸ್ತಕದ ಅಂಕಿಯನ್ನು ಹಾಗೆಯೇ ಎತ್ತಿಕೊಂಡರೆ ಹೋಗಬಹುದಾದವರನ್ನೂ ತಡೆಯುತ್ತೇವೆ.

ಪ್ರಯಾಣಿಕರ ಹೊಣೆಯನ್ನೂ ಮರೆಮಾಚಬಾರದು. ಹೇಳಿದರೆ ಬಿಡುವುದಿಲ್ಲವೆಂದು ಕಾಯಿಲೆ ಮುಚ್ಚಿಟ್ಟು ಹತ್ತುವವರಿದ್ದಾರೆ. ವೀಲ್‌ಚೇರ್ ಕೇಳಿದರೆ ಅನುಮಾನ ಬರುತ್ತದೆಂದು ಏದುಸಿರಿನಲ್ಲೇ ಗೇಟಿನವರೆಗೆ ನಡೆಯುವವರಿದ್ದಾರೆ. ಆಕಾಶದಲ್ಲಿ ಉಸಿರು ಕಟ್ಟಿದರೆ ಆಪತ್ತು ಅವರೊಬ್ಬರದಲ್ಲ. ಇಡೀ ವಿಮಾನ ದಾರಿ ಬದಲಿಸಬೇಕಾದೀತು. ಕೆಲವರು ಹೋಗಲೇಬಾರದು: ಶ್ವಾಸಕೋಶದ ಪೊರೆಯ ನಡುವೆ ಗಾಳಿ ಸೇರಿಕೊಂಡವರು (ಮೇಲೇರಿದಂತೆ ಆ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗಿ ಜೀವಕ್ಕೇ ಸಂಚಕಾರ ತರಬಹುದು), ಹರಡುವ ಹಂತದ ಕ್ಷಯ ಇರುವವರು, ಕಾಯಿಲೆ ಉಲ್ಬಣಿಸಿ ಇನ್ನೂ ಹತೋಟಿಗೆ ಬಾರದವರು, ನೆಲದ ಮೇಲೆಯೇ ನಿಮಿಷಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು ಆಮ್ಲಜನಕ ಬೇಕಾದವರು. ಇವರಿಗೆ ‘ಬೇಡ’ ಎನ್ನುವುದು ತಾರತಮ್ಯವಲ್ಲ, ವೈದ್ಯಕೀಯ. ಆದರೆ ಜನ ಸುಳ್ಳು ಹೇಳುವುದು ಏಕೆಂದೂ ಕೇಳಬೇಕು. ಸತ್ಯ ಹೇಳಿದವರನ್ನು ಕೌಂಟರಿನಲ್ಲಿ ಪಕ್ಕಕ್ಕೆ ನಿಲ್ಲಿಸುವ, ನಿಜ ಬರೆದ ಫಾರಂ ಮೂರು ಮೇಜು ಸುತ್ತುವ ವ್ಯವಸ್ಥೆ ಸುಳ್ಳಿಗೆ ಬಹುಮಾನ ಕೊಡುತ್ತದೆ.

ಖರ್ಚಿನ ಮಾತೂ ಬರುತ್ತದೆ: ಬೆರಳೆಣಿಕೆಯ ರೋಗಿಗಳಿಗಾಗಿ ಎಲ್ಲರ ಟಿಕೆಟ್ ದರ ಏಕೆ ಏರಬೇಕು? 2008ರಿಂದ 2010ರವರೆಗೆ ಐದು ವಿಮಾನ ಸಂಸ್ಥೆಗಳ ಸುಮಾರು 12,000 ತುರ್ತು ಪ್ರಕರಣಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಸರಾಸರಿ 604 ವಿಮಾನಗಳಿಗೊಂದು ವೈದ್ಯಕೀಯ ತುರ್ತು. ಮೂರ್ಛೆ, ತಲೆಸುತ್ತಿನ ನಂತರದ ಎರಡನೇ ಸ್ಥಾನ ಉಸಿರಾಟದ ತೊಂದರೆಗೆ, ಶೇ. 12. ಒಟ್ಟು ಪ್ರಕರಣಗಳಲ್ಲಿ ಶೇ. 7ರಷ್ಟರಲ್ಲಿ ವಿಮಾನವನ್ನು ಬೇರೆಡೆ ಇಳಿಸಬೇಕಾಯಿತು. ಹೀಗೆ ಇಳಿಸಿದಾಗ ಸುರಿಯುವ ಇಂಧನ, ಕೊಡಬೇಕಾದ ನಿಲ್ದಾಣ ಶುಲ್ಕ, ತಪ್ಪಿದ ಮುಂದಿನ ವಿಮಾನಗಳ ಲೆಕ್ಕ ಹಿಡಿದರೆ ಮೊದಲೇ ವ್ಯವಸ್ಥೆ ಮಾಡಿಕೊಟ್ಟ ಆಮ್ಲಜನಕ ಅಗ್ಗ. ನಡೆಯಲಾಗದವರ ವೀಲ್‌ಚೇರಿಗೆ ಸಾಮಾನ್ಯವಾಗಿ ಪ್ರತ್ಯೇಕ ದುಡ್ಡು ಕೇಳುವುದಿಲ್ಲ. ನಡೆಯಲಾಗದವರನ್ನು ಗೇಟಿಗೆ ತಲುಪಿಸುವುದು ಪ್ರಯಾಣದ ಭಾಗ ಎಂದು ಒಪ್ಪಿಕೊಂಡಿದ್ದೇವೆ. ಉಸಿರಾಡಲಾಗದವರ ವಿಷಯದಲ್ಲಿ ಬೇರೆ ನ್ಯಾಯ ಇರಲಾಗದು.

ಆಗಬೇಕಾದದ್ದು ಬಹಳವೇನಿಲ್ಲ. ಒಪ್ಪಿತ ಕಾನ್ಸಂಟ್ರೇಟರುಗಳ ಪಟ್ಟಿ, ಆಮ್ಲಜನಕದ ಶುಲ್ಕ, ಬ್ಯಾಟರಿಯ ನಿಯಮ, ವಿಮಾನದ ಕ್ಯಾಬಿನ್ ಎತ್ತರ ಇವನ್ನು ಟಿಕೆಟ್ ಮಾರುವ ಪುಟದಲ್ಲೇ ಹಾಕುವಂತೆ ಡಿಜಿಸಿಎ ಎಲ್ಲ ಸಂಸ್ಥೆಗಳಿಗೂ ಆದೇಶಿಸಬೇಕು. ನಿರಾಕರಿಸಿದರೆ ಕಾರಣವನ್ನು ವೈದ್ಯರ ಸಹಿಯೊಂದಿಗೆ ಲಿಖಿತವಾಗಿ ಕೊಡಬೇಕು. ಕಾಯಿಲೆ ಸ್ಥಿರವಾಗಿರುವವರು ಪ್ರತಿ ಪ್ರಯಾಣಕ್ಕೂ ಅದೇ ಫಾರಂ ತುಂಬುವ ಬದಲು ಒಂದು ಕಾರ್ಡ್ ತೋರಿಸಿದರೆ ಸಾಕಾಗಬೇಕು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ಇಂಥ ‘ಫ್ರೆಮೆಕ್’ ಕಾರ್ಡಿನ ಪದ್ಧತಿಯನ್ನು ಆಗಲೇ ರೂಪಿಸಿದೆ, ಅದನ್ನು ಗೌರವಿಸಿದರೆ ಆಯಿತು. ವಿಮಾನ ನಿಲ್ದಾಣಗಳು ಗೇಟಿನಿಂದ ಗೇಟಿಗೆ ಆಮ್ಲಜನಕ ಒದಗಿಸಬೇಕು. ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ಕಡೆ, ಜಿಲ್ಲೆಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ, ಎತ್ತರದ ಈ ಪರೀಕ್ಷೆ ಬಡವರಿಗೂ ಸಿಗಬೇಕು. ಉಸಿರಾಟದ ತೀವ್ರ ಕಾಯಿಲೆಯನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸುವ ವಿಚಾರವನ್ನು ಸಂಸತ್ತು ಕೈಗೆತ್ತಿಕೊಳ್ಳಬೇಕು.

ಇವೆಲ್ಲ ಆಗುವವರೆಗೆ ಹೊರಡುವವರು ಕಾಯುತ್ತ ಕೂರುವಂತಿಲ್ಲ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ಎದೆರೋಗ ತಜ್ಞರನ್ನು ಕಾಣಿ. ಸಾಧ್ಯವಾದರೆ 787 ಅಥವಾ ಎ350 ಓಡುವ ಮಾರ್ಗ ಆರಿಸಿ. ಆಮ್ಲಜನಕದ ಒಪ್ಪಿಗೆಯನ್ನು ಫೋನಿನಲ್ಲಿ ಕೇಳಿ ಬಿಡದೆ ಇ-ಮೇಲಿನಲ್ಲಿ ತರಿಸಿಕೊಂಡು ಅದರ ಪ್ರತಿ ಜೊತೆಗಿಟ್ಟುಕೊಳ್ಳಿ. ಯಂತ್ರ ಬಾಡಿಗೆಗೆ ತಂದರೆ ಒಂದು ರಾತ್ರಿ ಮನೆಯಲ್ಲೇ ಹಾಕಿಕೊಂಡು ಮಲಗಿ ನೋಡಿ. ಇನ್ಹೇಲರ್, ಮಾತ್ರೆ, ಔಷಧಿ ಚೀಟಿ ಕೈಚೀಲದಲ್ಲೇ ಇರಲಿ. ಕೌಂಟರಿನಲ್ಲಿ ತಕರಾರು ಎದ್ದರೆ ದನಿ ತಗ್ಗಿಸಿ ಬೇಡಿಕೊಳ್ಳಬೇಕಾಗಿಲ್ಲ. ಲಿಖಿತ ಕಾರಣ ಕೇಳಿ, ವೈದ್ಯರನ್ನು ಕರೆಸಿ ಎನ್ನಿ. ದುಡ್ಡು ಕೊಟ್ಟು ಟಿಕೆಟ್ ಕೊಂಡವರಿಗೆ ಹಾಗೆ ಕೇಳುವ ಹಕ್ಕಿದೆ.